ಫ್ಯಾನಿನ ತಾಳಕ್ಕೆ ಎದ್ದ ಕೈ

ಆ ಹೆಣ್ಣುಮಗಳ ಬಲಗೈ ಅಂದು ಎಷ್ಟು ಎತ್ತರಕ್ಕೆ ಎದ್ದಿತು ಎಂದು ಯಾರಾದರೂ ಕೇಳಿದರೆ ನಾನು ಈಗ ಖಚಿತವಾಗಿ ಹೇಳಲಾರೆ. ಟಿಪ್ಪಣಿ ಪುಸ್ತಕದಲ್ಲಿ ‘ನೂರಾ ಹತ್ತು ಡಿಗ್ರಿ, ಕಣ್ಣಂದಾಜು’ ಎಂದು ನನ್ನದೇ ಅಕ್ಷರದಲ್ಲಿದೆ. ಆದರೆ ನೆನೆಸಿಕೊಳ್ಳಲು ಕೂತರೆ ಆ ಕೈ ಒಮ್ಮೆ ಅವಳ ಮುಖದ ಮೇಲೆ ಕಾಣುತ್ತದೆ, ಇನ್ನೊಮ್ಮೆ ಎದೆಯ ಮಟ್ಟದಲ್ಲಿ. ಎಷ್ಟು ಹೊತ್ತು ನಡೆಯಿತು? ಐದು ನಿಮಿಷ ಇರಬಹುದು, ಹದಿನೈದೂ ಇರಬಹುದು. ಯಾರು ಮೊದಲು ಮಾತಾಡಿದರು? ಗೊತ್ತಿಲ್ಲ. ಒಂದು ಸಂಗತಿ ಮಾತ್ರ ಸ್ಪಷ್ಟವಾಗಿತ್ತು: ತಲೆಯ ಮೇಲೆ ಬೇರಿಂಗು ಸವೆದ ಫ್ಯಾನೊಂದು ‘ಟಕ್–ಟಕಾ, ಟಕ್–ಟಕಾ’ ಎಂದು ತಿರುಗುತ್ತಿತ್ತು.

ನಾನು ಬಾಗಲಕೋಟೆಯ ನವನಗರದಲ್ಲಿ ಒಂದು ಖಾಸಗಿ ದವಾಖಾನೆಯ ಫಿಜಿಯೋಥೆರಪಿಸ್ಟ್. ವಾರಕ್ಕೆರಡು ದಿನ ಬಸ್ಸು ಹಿಡಿದು ಹುನಗುಂದ, ಇಳಕಲ್ಲಿನ ರೋಗಿಗಳನ್ನು ನೋಡಿ ಬರುತ್ತೇನೆ. ಬಾದಾಮಿಯಲ್ಲಿ ಮೂರು ದಿನದ ‘ದೇಹಸ್ಪಂದನ’ ಶಿಬಿರವಿದೆ, ನೆಲದ ಮೇಲೆ ಮಲಗಿದ ಜನರ ಮೈ ತಾನಾಗಿಯೇ ಅಲುಗಾಡಿ ಹಳೆಯ ನೋವು ಹೊರಗೆ ಹೋಗುತ್ತದೆ, ಯಾರಿಗಾದರೂ ಉಳುಕಿದರೆ ನೋಡಿಕೊಳ್ಳಲು ಓದಿದವರೊಬ್ಬರು ಬೇಕು ಎಂದು ಫೋನು ಬಂದಾಗ ನಾನು ಒಂದು ಕ್ಷಣವೂ ಯೋಚಿಸದೆ ಒಪ್ಪಿದೆ. ಉಳುಕಿದವರ ಮೇಲಿನ ಕರುಣೆಯಿಂದಲ್ಲ. ಇಂಥ ಮೌಢ್ಯವನ್ನು ಊಟ-ವಸತಿಯ ಸಮೇತ ನೋಡುವ ಅವಕಾಶ ಮತ್ತೆ ಸಿಗುವುದಿಲ್ಲ ಎಂದು.

ಶಿಬಿರ ನಡೆದದ್ದು ಬಾಡಿಗೆಗೆ ಹಿಡಿದ ಒಂದು ಕಲ್ಯಾಣ ಮಂಟಪದಲ್ಲಿ. ನಡೆಸುತ್ತಿದ್ದವರು ಮೈಸೂರು ಕಡೆಯ, ಐವತ್ತರ ಆಸುಪಾಸಿನ ಮಹಿಳೆ. ಶಿಬಿರದವರು ಅವರನ್ನು ‘ಮಾರ್ಗದರ್ಶಿ’ ಎನ್ನುತ್ತಿದ್ದರು. ಬಿಳಿ ಬಟ್ಟೆ, ಮೆಲುದನಿ, ಪ್ರತಿ ವಾಕ್ಯದ ಕೊನೆಗೆ ಒಂದು ನಗು. “ದೇಹವನ್ನು ತಡೆಯಬೇಡಿ. ಅದಕ್ಕೆ ಎಲ್ಲವೂ ಗೊತ್ತಿದೆ,” ಎಂದು ದಿನಕ್ಕೆ ನಲವತ್ತು ಸಲ ಹೇಳುತ್ತಿದ್ದರು. ಎಲ್ಲವೂ ಗೊತ್ತಿದ್ದರೆ ನಾನು ಅಷ್ಟು ವರ್ಷ ಶರೀರಶಾಸ್ತ್ರ ಓದಿದ್ದೇಕೆ ಎಂದು ಕೇಳುವ ಆಸೆಯಾಯಿತು. ಮೊದಲ ದಿನವಾದ್ದರಿಂದ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ವಿಧಾನ ಇಷ್ಟು: ಚಾಪೆಯ ಮೇಲೆ ಅಂಗಾತ ಮಲಗಬೇಕು. ಮೊಣಕಾಲು ಮಡಚಿ, ಎರಡೂ ಅಂಗಾಲು ಕೂಡಿಸಿ, ಸೊಂಟವನ್ನು ಒಂದು ನಿಮಿಷ ಮೇಲಕ್ಕೆತ್ತಿ ಹಿಡಿಯಬೇಕು. ಆಮೇಲೆ ಸೊಂಟ ಇಳಿಸಿ, ಮೊಣಕಾಲುಗಳನ್ನು ಅಂಗುಲ ಅಂಗುಲವಾಗಿ ಅಗಲಿಸಬೇಕು. ಎಲ್ಲೋ ಒಂದು ಕಡೆ ತೊಡೆ ನಡುಗಲು ಶುರುವಾಗುತ್ತದೆ. ಆಗ ಅದನ್ನು ನಿಲ್ಲಿಸದೆ ಬಿಡಬೇಕು. ಅಷ್ಟೇ. ದಣಿದ ಸ್ನಾಯು ನಡುಗುತ್ತದೆ ಎಂಬುದನ್ನು ಮೊದಲ ವರ್ಷದ ವಿದ್ಯಾರ್ಥಿಯೂ ಬಲ್ಲ. ಹುನಗುಂದದ ಮಾರುಕಟ್ಟೆಯಲ್ಲಿ ಕಡಲೆ ಚೀಲ ಹೊತ್ತ ಹಮಾಲನ ತೊಡೆಯೂ ಹೀಗೇ ನಡುಗುತ್ತದೆ. ‘ನಿನ್ನ ಬಾಲ್ಯದ ಗಾಯ ಹೊರಗೆ ಬರುತ್ತಿದೆ’ ಎಂದು ಅವನಿಗೆ ಯಾರೂ ಹೇಳುವುದಿಲ್ಲ.

ಮೊದಲ ದಿನ ಇಪ್ಪತ್ತು ಜನ ನಡುಗಿದರು. ಹುನಗುಂದದ ಕೋರ್ಟಿನ ಗುಮಾಸ್ತರೊಬ್ಬರು ತಲೆಯನ್ನು ಆ ಕಡೆ ಈ ಕಡೆ ತಿರುವುತ್ತ, ಮೂವತ್ತು ವರ್ಷ ‘ಹೂಂ’ ಎಂದಿದ್ದ ಕುತ್ತಿಗೆ ಇವತ್ತು ‘ಊಹೂಂ’ ಎಂದಿತು ಎಂದು ಅತ್ತರು. ನವನಗರದ ತರುಣನೊಬ್ಬ, ಹಿನ್ನೀರಿನಲ್ಲಿ ಮುಳುಗಿದ ಹಳೇ ಬಾಗಲಕೋಟೆಯ ಮನೆಯ ದುಃಖ ತನ್ನ ಸೊಂಟದಿಂದ ಇಳಿದು ಹೋಯಿತು ಎಂದ. ಆತ ಹುಟ್ಟಿದ್ದೇ ಆ ಮುಳುಗಡೆಯ ನಂತರ, ಹೊಸದಾಗಿ ಕಟ್ಟಿದ ನವನಗರದಲ್ಲಿ. ನಡುವೆ ಬಾದಾಮಿಯ ಮಂಗವೊಂದು ಕಿಟಕಿಯಿಂದ ಇಳಿದು ಯಾರದೋ ಬಾಳೆಹಣ್ಣು ಎತ್ತಿಕೊಂಡು ಹೋಯಿತು. ಕಣ್ಣು ಮುಚ್ಚಿದವರು ತೆರೆಯಲಿಲ್ಲ. ಇಡೀ ಮಂಟಪದಲ್ಲಿ ತನಗೇನು ಬೇಕೆಂದು ಗೊತ್ತಿದ್ದ ದೇಹ ಅದೊಂದೇ ಎಂದು ನಾನು ಬರೆದುಕೊಂಡೆ.

ಚಹಾದ ಬಿಡುವಿನಲ್ಲಿ ನನಗೆ ನನ್ನ ರೋಗಿಯೇ ಎದುರಾದಳು.

ಆಕೆ ಇಳಕಲ್ಲಿನ ನೇಕಾರ ಹೆಣ್ಣುಮಗಳು. ನಲವತ್ತರ ಹತ್ತಿರದ ವಯಸ್ಸು. ಮಾಲಕನೊಬ್ಬ ಅವಳ ಮನೆಯಲ್ಲಿ ಹೂಡಿಸಿದ ಕುಣಿಮಗ್ಗದಲ್ಲಿ ಕೂಲಿಗೆ ಸೀರೆ ನೇಯುವವಳು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಸಿ ಕೂರುವ ಮಗ್ಗ ಅದು. ಏಳು ತಿಂಗಳ ಹಿಂದೆ ಕುಣಿಯಿಂದ ಏಳುವಾಗ ಕಾಲು ಜಾರಿ ಬಲಭುಜದ ಮೇಲೆ ಬಿದ್ದಳು. ಎಲುಬು ಮುರಿದಿರಲಿಲ್ಲ. ಆದರೆ ಅಂದಿನಿಂದ ಕೈ ಅರವತ್ತೈದು ಡಿಗ್ರಿಗಿಂತ ಮೇಲೆ ಏಳುತ್ತಿರಲಿಲ್ಲ. ನಾನು ಎತ್ತಿದರೂ ಅಷ್ಟೇ. ಕೀಲಿನ ಸುತ್ತಲಿನ ಚೀಲ ಕುಗ್ಗಿ ಬಿಗಿದಿದೆ ಎಂದು ನಾನು ನಿರ್ಧರಿಸಿದ್ದೆ. ಬೆರಳುಗಳನ್ನು ಗೋಡೆಯ ಮೇಲೆ ಏರಿಸುವ ವ್ಯಾಯಾಮವನ್ನು ಆರು ವಾರ ಮಾಡಿಸಿದೆ. ಒಂದು ಡಿಗ್ರಿಯೂ ಕದಲಲಿಲ್ಲ. ಕೊನೆಗೆ ನಮ್ಮ ದವಾಖಾನೆಯ ಎಲುಬಿನ ವೈದ್ಯರಿಗೆ ಚೀಟಿ ಬರೆದೆ: ಅರಿವಳಿಕೆ ಕೊಟ್ಟು ಕೀಲನ್ನು ಬಲವಂತವಾಗಿ ಬಿಡಿಸುವುದು. ಬರುವ ಸೋಮವಾರ ಅದಕ್ಕೆ ದಿನ ಗೊತ್ತಾಗಿತ್ತು.

“ಏನವಾ, ವ್ಯಾಯಾಮ ಬಿಟ್ಟು ಇಲ್ಲಿ ಬಂದೀ?” ಎಂದೆ.

“ನೀವೂ ಬಂದೀರಲ್ರಿ,” ಎಂದು ಬಟ್ಟಲು ಎಡಗೈಗೆ ಬದಲಿಸಿದಳು.

ಜೊತೆಗಿದ್ದ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಿಮ್ಮ ಗ್ವಾಡಿ ಏರೂ ಆಟದಾಗ ಆರು ವಾರ ಹೋತು. ಬೆರಳು ಗ್ವಾಡಿ ಹತ್ತಿ ಹತ್ತಿ ಸುಣ್ಣ ಉದರಿತ ಹೊರ್ತು ಕೈ ಏಳಲಿಲ್ಲ. ಈಗ ಸೋಮವಾರ ಭೂಲ ಕೊಟ್ಟು ತಿರುವ್ತಾರಂತ. ಎಚ್ಚರಿಲ್ದಾಗ ಲಟಕ್ ಅಂದ್ರ ಯಾರನ್ನ ಕೇಳೂದ್ರಿ?”

“ಹಂಗ ಮುರಿಯೂದಿಲ್ಲಬೇ.”

“ಮುರಿಯೂದಿಲ್ಲ ಅಂತ ಬರಕೊಡ್ತೀರೇನು?”

ಬರೆದುಕೊಡಲಾಗುವುದಿಲ್ಲ. ಅಪರೂಪಕ್ಕೆ ಮುರಿಯುತ್ತದೆ. ನಾನು ಮಾತು ತಿರುಗಿಸಿ, ಮಗ್ಗದ ಮಾಲಕ ಏನೆನ್ನುತ್ತಾನೆ ಎಂದು ಕೇಳಿದೆ.

“ಅಮಾಸಿ ತನಕ ನೋಡ್ತಾನಂತ,” ಎಂದಳು ಸೊಸೆ. “ಅಮಾಸಿ ದಿನ ಹ್ಯಾಂಗೂ ಮಗ್ಗಕ್ಕ ಸೂಟಿ. ಮರುದಿನ ಕುಂಡ್ರಲಿಲ್ಲಂದ್ರ ಬಿಚ್ಚಿ ಬ್ಯಾರೆದವರ ಮನಿಗೆ ಒಯ್ತಾನ.”

“ಕುಣಿ ಅಷ್ಟ ನಮಗ ಉಳಿತೈತಿ,” ಎಂದಳು ಅತ್ತೆ. “ನೀರು ತುಂಬಿ ಎಮ್ಮಿ ಬಿಡೂನು.”

ಅಮಾವಾಸ್ಯೆಗೆ ಇನ್ನು ಇಪ್ಪತ್ಮೂರು ದಿನವಿತ್ತು.

ಎರಡನೆಯ ದಿನ ಬೆಳಗ್ಗೆ ನಾನು ಗೋಡೆಗೆ ಒರಗಿ ಕೂತಿದ್ದೆ. ಫೋನುಗಳನ್ನು ಬಾಗಿಲಲ್ಲಿ ಬುಟ್ಟಿಗೆ ಹಾಕಿಸಿದ್ದರು. ಹೀಗಾಗಿ ಚಿತ್ರವಿಲ್ಲ, ವಿಡಿಯೋ ಇಲ್ಲ. ಇದ್ದದ್ದು ಟಿಪ್ಪಣಿ ಪುಸ್ತಕ, ಕೈಗಡಿಯಾರ, ಚೀಲದಲ್ಲಿ ಕೀಲುಗಳ ಕೋನ ಅಳೆಯುವ ಉಕ್ಕಿನ ಮಾಪಕ. ವಿಪರೀತ ಸೆಕೆ. ಅಂಗಿ ಬೆನ್ನಿಗೆ ಅಂಟಿತ್ತು. ಪಕ್ಕದಲ್ಲಿ ಕೂತ ಅತ್ತೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು.

ನನ್ನ ರೋಗಿಯ ತೊಡೆ ಎಲ್ಲರಂತೆ ನಡುಗಿತು. ಅದರಲ್ಲಿ ವಿಶೇಷವಿಲ್ಲ. ಆಮೇಲೆ ನಡುಕ ನಿಂತು, ಪಾದಗಳು ಒಂದರ ನಂತರ ಒಂದು ಚಾಪೆಯನ್ನು ಒತ್ತತೊಡಗಿದವು. ಎಡ, ಬಲ, ಎಡ, ಬಲ. ನಾನು ಗಡಿಯಾರ ನೋಡಿ ‘೧೧:೧೦’ ಎಂದು ಬರೆದೆ. ಅಷ್ಟರಲ್ಲಿ ಬಲಗೈ ಎದ್ದಿತು. ಮೆಲ್ಲಗೆ ತೇಲಿದಂತೆ ಎದ್ದದ್ದಲ್ಲ. ಏನನ್ನೋ ಹಿಡಿದು ಜಗ್ಗಿದಂತೆ ಎದ್ದು, ಎಳೆದು, ಇಳಿಯಿತು. ಮತ್ತೆ ಎದ್ದಿತು. ಎಡಗೈ ಎದೆಯ ಕಡೆಗೆ ಬಂದು ಹೋಗುತ್ತಿತ್ತು. ಕಣ್ಣು ಮುಚ್ಚಿತ್ತು. ಮುಖದಲ್ಲಿ ನೋವಿರಲಿಲ್ಲ. ಆರು ವಾರ ಅರವತ್ತೈದರಲ್ಲಿ ಕಲ್ಲಾಗಿದ್ದ ಭುಜ ಅದು.

ನನಗೆ ತಕ್ಷಣ ವಿವರಣೆ ಹೊಳೆಯಿತು. ಫ್ಯಾನು. ಒಂದೇ ತಾಳದ ಸದ್ದಿಗೆ ಅರೆನಿದ್ದೆಯ ದೇಹ ತಾಳ ಹಾಕುತ್ತದೆ. ಭಜನೆಯಲ್ಲಿ ತಲೆದೂಗುವವರನ್ನು ನೋಡಿಲ್ಲವೇ? ಕಾಲು ‘ಟಕ್’ಗೆ, ಕೈ ‘ಟಕಾ’ಗೆ. ಇದರಲ್ಲಿ ಗಾಯವೂ ಇಲ್ಲ, ಬಿಡುಗಡೆಯೂ ಇಲ್ಲ. ಸಂಖ್ಯೆ ಬೇಕು ಎಂದು ಮಾಪಕ ತೆಗೆದುಕೊಂಡು ಅವಳ ಪಕ್ಕ ಮಂಡಿಯೂರಿ, ಅದರ ಒಂದು ತೋಳನ್ನು ಅವಳ ಭುಜಕ್ಕೆ ಇಟ್ಟೆ.

ಅವಳು ಬೆಚ್ಚಿ ಕಣ್ಣು ತೆರೆದಳು. ಕೈ ಕೆಳಗೆ ಬಿತ್ತು. ನಾನು ಎತ್ತಲು ನೋಡಿದೆ. ಅರವತ್ತೈದು. ಕಲ್ಲು.

ನನ್ನ ವೃತ್ತಿಜೀವನದ ಅತ್ಯಂತ ದಡ್ಡ ಕೆಲಸ ಅದು. ಅಳೆಯಬೇಕಾದದ್ದನ್ನು ಅಳತೆಗೋಲಿನಿಂದಲೇ ಕೊಂದಿದ್ದೆ.

ಮಾರ್ಗದರ್ಶಿ ಬಂದರು. ನಗು ಇರಲಿಲ್ಲ. “ಯಾಕೆ ಮುಟ್ಟಿದಿರಿ? ಅವರ ದೇಹ ಏನನ್ನೋ ಪೂರ್ಣಗೊಳಿಸುತ್ತಿತ್ತು.”

“ದೇಹ ಅಲ್ರಿ, ಫ್ಯಾನು,” ಎಂದು ಮೇಲೆ ಬೆರಳು ತೋರಿಸಿದೆ.

ಅವರು ತಲೆಯೆತ್ತಿ ಫ್ಯಾನನ್ನು ನೋಡಿದರು, ನನ್ನನ್ನು ನೋಡಿದರು, ಕಾವಲುಗಾರನನ್ನು ಹುಡುಕಿಕೊಂಡು ಹೊರಗೆ ನಡೆದರು. ಸೋತರು ಎಂದುಕೊಂಡೆ. ಬಹಳ ಖುಷಿಯಾಯಿತು.

“ಎಷ್ಟ ಓದೀರ್ರಿ ನೀವು?” ಎಂದಳು ಅತ್ತೆ, ನಾನು ಗೋಡೆಗೆ ಮರಳಿದಾಗ. “ಅಕಿ ನೇಯಾಕತ್ತಿದ್ಲು. ನಿಮಗ ಕಾಣಲಿಲ್ಲೇನು? ಎಡಗಾಲು ಒತ್ತು, ಹಗ್ಗ ಜಗ್ಗು, ಹಲಗಿ ಬಡಿ. ಬಲಗಾಲು ಒತ್ತು, ಹಗ್ಗ ಜಗ್ಗು, ಹಲಗಿ ಬಡಿ. ಲಾಳಿ ಓಡಸೂ ಹಗ್ಗ ಬಲಗೈಯಾಗ ಇರತೈತಿ. ಏಳು ತಿಂಗಳ ಮ್ಯಾಲೆ ಇಷ್ಟರ ನೇದ್ಲಲ್ಲ, ಪುಣ್ಯಾತಗಿತ್ತಿ. ಅಷ್ಟೊತ್ತಿಗೆ ನೀವು ಕಬ್ಬಿಣ ಹಿಡಕೊಂಡು ಹೋದ್ರಿ.”

ಸೊಸೆಯನ್ನು ಕೇಳಿದೆ. ಅವಳು ತನ್ನ ಭುಜವನ್ನೇ ಬೇರೆಯವರದೆಂಬಂತೆ ನೋಡಿಕೊಳ್ಳುತ್ತಿದ್ದಳು. “ನನಗೇನೂ ಗೊತ್ತಿಲ್ರಿ. ಕೈ ಎದ್ದಿತ್ತೇನು? ತಣ್ಣಗ ಏನೋ ಹತ್ತಿದ ಮ್ಯಾಲೆ ಎಚ್ಚರಾತು.”

ಆರು ವಾರ ಚಿಕಿತ್ಸೆ ಮಾಡಿದ್ದೆ. ಅವಳ ಮಗ್ಗವನ್ನು ಒಮ್ಮೆಯೂ ನೋಡಿರಲಿಲ್ಲ. ನೋಡಬೇಕು ಎಂದೂ ಅನ್ನಿಸಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಹೋಗದೆ ಮಂಟಪದ ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ಲೆಕ್ಕ ಸರಳ. ಕೀಲಿನ ಚೀಲ ನಿಜವಾಗಿ ಕುಗ್ಗಿದ್ದರೆ ಕೈಯನ್ನು ಫ್ಯಾನು ಎಬ್ಬಿಸಲಿ, ದೇವರು ಎಬ್ಬಿಸಲಿ, ಅದು ಏಳುವುದು ಸಾಧ್ಯವಿಲ್ಲ. ಎದ್ದಿದೆ ಎಂದಾದರೆ ಚೀಲ ಸರಿಯಿದೆ. ಬಿದ್ದ ದಿನದ ಹೆದರಿಕೆಗೆ ಸುತ್ತಲಿನ ಸ್ನಾಯುಗಳು ಕಾವಲು ನಿಂತಿವೆ, ಅಷ್ಟೇ. ಆಗ ಸೋಮವಾರದ ಅರಿವಳಿಕೆ ಅನಗತ್ಯ, ಅಪಾಯ ಕೂಡ. ಆದರೆ ನನ್ನ ಹತ್ತಿರ ಇದ್ದದ್ದು ಕಣ್ಣಂದಾಜು. ಕಣ್ಣು ತಪ್ಪಿದ್ದರೆ? ಸೋಮವಾರ ರದ್ದಾದರೆ ಮತ್ತೆ ದಿನ ಸಿಗುವ ಹೊತ್ತಿಗೆ ಅಮಾವಾಸ್ಯೆ ದಾಟಿರುತ್ತದೆ. ಮಗ್ಗ ಇನ್ನೊಬ್ಬರ ಮನೆಯಲ್ಲಿರುತ್ತದೆ.

ಬುಟ್ಟಿಯಿಂದ ಫೋನು ತೆಗೆದುಕೊಂಡು ಎಲುಬಿನ ವೈದ್ಯರಿಗೆ ಹಚ್ಚಿದೆ.

“ಅಳದೀರೇನು?” ಎಂದರು.

“ಇಲ್ರಿ. ನೋಡೀನಿ.”

“ನೋಡೀನಿ ಅಂದ್ರ? ನೀವೂ ಅಲ್ಲಿ ಮಲಕೊಂಡು ನಡಗಾಕತ್ತೀರೇನು?” ಹಿಂದಿನಿಂದ ಯಾರೋ ನಕ್ಕದ್ದು ಕೇಳಿಸಿತು. “ಚೀಟಿ ಬರದವರು ನೀವ, ಹರಿಯವರೂ ನೀವ. ನಾಳಿ ಕೈ ಏಳಲಿಲ್ಲಂದ್ರ ನನ್ನ ಕಡೆ ಕಳಿಸಬ್ಯಾಡ್ರಿ.”

ಸೋಮವಾರದ್ದನ್ನು ರದ್ದು ಮಾಡಿದೆ. ಮಾರ್ಗದರ್ಶಿಗೆ ಹೇಳಲಿಲ್ಲ. ಅವರ ಸಂತೋಷಕ್ಕೆ ನಾನು ಕಾರಣನಾಗಬಾರದು ಎಂಬುದು ಆ ದಿನ ನನಗೆ ಮುಖ್ಯವಾಗಿತ್ತು.

ಸೋಮವಾರ ಬೆಳಗ್ಗೆ ಇಳಕಲ್ಲಿಗೆ ಹೋಗಿ ಅವಳನ್ನು ಮಗ್ಗದ ಕುಣಿಯಲ್ಲಿ ಕೂಡಿಸಿದೆ. ಮಲಗಿ ನೇಯ್ದವಳು ಕೂತು ನೇಯುತ್ತಾಳೆ ಎಂದು ನನ್ನ ನಂಬಿಕೆ. ಕಾಲುಗಳು ಕುಣಿಯ ತಳದ ತುಳಿಮಣೆಗಳನ್ನು ಒತ್ತಿದವು. ಎಡಗೈ ಬಡಿಯುವ ಹಲಗೆ ಹಿಡಿಯಿತು. ಬಲಗೈ ತೊಡೆಯ ಮೇಲಿಂದ ಏಳಲಿಲ್ಲ. ಲಾಳಿ ಓಡಿಸುವ ಹಗ್ಗದ ತುದಿಯ ಕಟ್ಟಿಗೆಯ ಹಿಡಿ ಅವಳ ಹಣೆಯ ಎದುರಿಗೆ ಸುಮ್ಮನೆ ತೂಗುತ್ತಿತ್ತು.

“ಅಲ್ಲಿ ಎದ್ದಿದ್ದು ಖರೇನರಿ?” ಎಂದು ಕೇಳಿದಳು. ನನ್ನ ಮುಖ ನೋಡದೆ.

“ಖರೆ,” ಎಂದೆ. ಆಗಲೇ ನನಗೆ ಅನುಮಾನ ಶುರುವಾಗಿತ್ತು.

ಕೈ ಹಿಡಿಯ ಹತ್ತಿರ ಹೋಗದಿದ್ದರೆ ಹಿಡಿಯನ್ನೇ ಕೈಯ ಹತ್ತಿರ ತರಬೇಕು. ಹಗ್ಗಕ್ಕೆ ಎರಡು ಗೇಣು ತುಂಡು ಕಟ್ಟಿ, ಹಿಡಿ ಅವಳ ಹೊಟ್ಟೆಯ ಮಟ್ಟಕ್ಕೆ ಇಳಿಯುವಂತೆ ಮಾಡಿದೆ. ಅಲ್ಲಿಗೆ ಕೈ ಬಂದಿತು. ದಿನಕ್ಕೊಂದು ಗಂಟು ಹಾಕಿ, ಎರಡು ಬೆರಳಿನಷ್ಟು ಹಗ್ಗ ಗಿಡ್ಡ ಮಾಡುವುದು. ಅವಳಿಗೆ ಗೊತ್ತಾಗದಷ್ಟು ನಿಧಾನವಾಗಿ ಹಿಡಿ ಮೇಲೇರಬೇಕು. ಉದ್ದ ಹಗ್ಗಕ್ಕೆ ಜಗ್ಗುವ ಬಲ ಸಾಲದೆ ಲಾಳಿ ಅರ್ಧಕ್ಕೆ ನಿಲ್ಲುತ್ತಿತ್ತು.

“ನೋಡ್ರಿ, ನಡುದಾರ್ಯಾಗ ಕುಂತೈತಿ, ಕೆಟ್ಟ ಬಸ್ ಕುಂತಂಗ,” ಎಂದು ಅತ್ತೆ ಬೆರಳಿನಿಂದ ಅದನ್ನು ಮುಂದೆ ದೂಡುತ್ತಿದ್ದಳು. “ಹಿಂಗ ನೇದ್ರ ಈ ಸೀರಿ ಇಕಿ ಮೊಮ್ಮಗಳು ಉಡತಾಳ.”

ಎಂಟು ದಿನ ಸರಿಹೋಯಿತು. ಒಂಬತ್ತನೆಯ ದಿನ ನಾನು ಅವಸರಪಟ್ಟು ಒಮ್ಮೆಗೇ ಮೂರು ಗಂಟು ಹಾಕಿದೆ. ಹತ್ತು ಸಲ ಜಗ್ಗಿದವಳು ‘ಯವ್ವಾ’ ಎಂದು ಕೈ ಹಿಡಿದುಕೊಂಡಳು. ಮರುದಿನ ಕುಣಿಗೆ ಇಳಿಯಲೇ ಇಲ್ಲ. ಅದರ ಮರುದಿನವೂ ಇಲ್ಲ. ಎಲುಬಿನ ವೈದ್ಯರ ಮಾತು ನೆನಪಾಯಿತು. ಮೂರನೆಯ ದಿನ ಗಂಟುಗಳನ್ನು ಬಿಚ್ಚಿ ಮತ್ತೆ ಕೆಳಗಿನಿಂದ ಶುರು ಮಾಡಿ, ಮಾಪಕ ಹಿಡಿದು ಎದುರು ನಿಂತೆ.

“ಅದನ್ನ ಹಿಡಕೊಂಡು ಮಾರಿ ಮುಂದ ನಿಂತ್ರ ಯಾರ ಕೈ ಏಳತೈತ್ರಿ?” ಎಂದಳು ಅತ್ತೆ. “ಪೊಲೀಸರು ನಿಂತಂಗ ನಿಲ್ತೀರಿ. ನಾ ಗಂಟು ಹಾಕ್ತೇನಿ. ನೀವು ಹೊರಗ ಕಟ್ಟಿ ಮ್ಯಾಲೆ ಕುಂಡರ್ರಿ. ಚಾ ಬರತೈತಿ.”

ಅನಕ್ಷರಸ್ಥ ಮುದುಕಿಯೊಬ್ಬಳು ನನ್ನನ್ನು ನನ್ನ ಚಿಕಿತ್ಸೆಯಿಂದ ಹೊರಗೆ ಹಾಕಿದಳು. ಹೊರಗೆ ಕೂತೆ. ಆ ದಿನಗಳಲ್ಲಿ ಉಳಿದ ಊರುಗಳ ರೋಗಿಗಳನ್ನು ಮುಗಿಸಿ, ದಿನಾಲೂ ಸಂಜೆ ಐದರ ಹೊತ್ತಿಗೆ ಬಂದು ಆ ಕಟ್ಟೆಯ ಮೇಲೆ ತಾಸುಗಟ್ಟಲೆ ಕೂತು, ಒಳಗಿನ ಸದ್ದು ಕೇಳಿದ್ದಷ್ಟೇ ನನ್ನ ಕೆಲಸ. ಮೊದಲು ತಡೆತಡೆದು, ಆಮೇಲೆ ಸಮವಾಗಿ: ಟಕ್–ಟಕಾ, ಟಕ್–ಟಕಾ. ಬಾದಾಮಿಯ ಫ್ಯಾನಿನದೇ ತಾಳ, ಥೇಟು ಅದೇ. ನನ್ನ ವಿವರಣೆಗೆ ಇದಕ್ಕಿಂತ ಸಾಕ್ಷಿ ಬೇಕೆ ಎಂದುಕೊಂಡೆ. ಮಗ್ಗದ ಸದ್ದನ್ನೇ ಹೋಲುವ ಫ್ಯಾನು, ಮಗ್ಗದ ಅಭ್ಯಾಸವಿದ್ದ ಕೈ. ಸಮೀಕರಣ ಸರಿಹೋಯಿತು.

ಅಮಾವಾಸ್ಯೆಯ ಹಿಂದಿನ ದಿನ ಹೆಚ್ಚುವರಿ ಹಗ್ಗದ ಕೊನೆಯ ತುಂಡನ್ನು ಅತ್ತೆ ಬಿಚ್ಚಿದಳು. ಹಿಡಿ ತನ್ನ ಹಳೆಯ ಜಾಗದಲ್ಲಿ, ಹಣೆಯ ಎದುರಿಗೆ ಬಂತು. ಸಂಜೆ ಮಾಲಕ ಬಂದು ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತ. ಸೊಸೆ ನಿಲ್ಲಿಸದೆ ನೇಯುತ್ತಿದ್ದಳು. ಆಮೇಲೆ ಚಪ್ಪಲಿ ಕಳಚಿ ಒಳಗೆ ಹೋಗಿ ಬಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದ.

“ಅಂಚು ಸಡ್ಲ ಐತಿ,” ಎಂದ. ಚಪ್ಪಲಿ ಹಾಕಿಕೊಂಡ. “ಮಗ್ಗ ಇರಲಿ.”

ಅವಳು ಕೈ ನಿಲ್ಲಿಸಲಿಲ್ಲ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, “ನಿನ್ನ ಅಂಗಿ ಅಂಚು ನೋಡಕೋ, ಹೋಗಲೇ,” ಎಂದಳು, ಅವನು ಓಣಿ ತಿರುಗಿದ ಮೇಲೆ.

ಗುಣವಾದದ್ದು ಗಂಟಿನಿಂದಲೋ, ಕಾಲದಿಂದಲೋ, ಅತ್ತೆಯ ಬೈಗುಳದಿಂದಲೋ ನಾನು ಹೇಳಲಾರೆ. ಎರಡು ತಿಂಗಳ ನಂತರ ಯಾರೋ ನನಗೆ ಶಿಬಿರದ ಹೊಸ ಕರಪತ್ರ ಕಳಿಸಿದರು. ‘ಏಳು ತಿಂಗಳಿಂದ ಎತ್ತಲಾಗದ ಕೈ, ಎರಡೇ ದಿನದಲ್ಲಿ ತಾನಾಗಿ ಎದ್ದಿತು. ಇಳಕಲ್ಲಿನ ನೇಕಾರ ಮಹಿಳೆಯ ಅನುಭವ.’ ಸುಮಾರು ಮೂರು ವಾರದ ಗಂಟುಗಳ ಮಾತೇ ಇಲ್ಲ. ನನಗೆ ಮೈ ಉರಿಯಿತು. ಕೂತು ಮೂರು ಪುಟದ ಪತ್ರ ಬರೆದೆ. ದಣಿದ ಸ್ನಾಯುವಿನ ನಡುಕದಿಂದ ಶುರುಮಾಡಿ ಫ್ಯಾನಿನ ತಾಳದವರೆಗೆ ಎಲ್ಲವನ್ನೂ ವಿವರಿಸಿ, ಪತ್ರಿಕೆಗೆ ಕಳಿಸುವುದೆಂದು ತೀರ್ಮಾನಿಸಿದೆ. ಸಾಕ್ಷಿಗೆ ಇರಲಿ ಎಂದು ಆ ಫ್ಯಾನಿನ ಸದ್ದನ್ನು ಫೋನಿನಲ್ಲಿ ಹಿಡಿದುಕೊಳ್ಳಲು ಬಾದಾಮಿಗೆ ಹೋದೆ.

ಮಂಟಪದ ಕಾವಲುಗಾರ ಸ್ವಿಚ್ಚು ಹಾಕಿದ. ಫ್ಯಾನು ತಿರುಗಿತು. ಕಿರ್ರೆನ್ನುವ ಸದ್ದಿತ್ತು. ತಾಳವಿರಲಿಲ್ಲ.

“ರಿಪೇರಿ ಮಾಡ್ಸೀರೇನು?”

“ಯಾರ ಮಾಡಸ್ತಾರ್ರಿ? ಹಿಂಗ ಐತಿ ಮೊದಲಿಂದ.” ನಾನು ಶಿಬಿರದ ಎರಡನೆಯ ದಿನದ ಮಾತು ಎತ್ತಿದೆ. ಅವನು ನಕ್ಕ. “ಅಂದು ಎಲ್ಲಿ ಫ್ಯಾನ್ರಿ? ಮುಂಜಾನಿ ಕರೆಂಟ್ ಹೋಗಿ, ಆ ಬಿಳೇ ಸೀರಿ ಅಮ್ಮಾರು ಜನರೇಟರ್ ಹಚ್ಚು ಅಂತ ನನ್ನ ಜೀವಾ ತಿಂದ್ರು. ಡೀಜೆಲ್ ಇರಲಿಲ್ಲ.”

ಕಾವಲುಗಾರನ ನೆನಪನ್ನು ನಂಬಿ ವಿಜ್ಞಾನ ನಡೆಯುವುದಿಲ್ಲ. ಪತ್ರ ಚೀಲದಲ್ಲಿಟ್ಟುಕೊಂಡು ಊರಿಗೆ ವಿದ್ಯುತ್ ಕೊಡುವ ಉಪಕೇಂದ್ರಕ್ಕೆ ನಡೆದುಕೊಂಡು ಹೋದೆ. ಪಾಳಿಯಲ್ಲಿದ್ದ ನೌಕರ ಒಳ್ಳೆಯವನು. ಏಕೆ ಬೇಕು ಎಂದು ಹೆಚ್ಚು ಕೇಳದೆ ದಿನಚರಿ ಪುಸ್ತಕ ತೆಗೆದು, ಆ ತಾರೀಖಿನ ಪುಟ ಹುಡುಕಿ, ಮಂಟಪಕ್ಕೆ ಹೋಗುವ ಲೈನಿನ ದಾಖಲೆಯನ್ನು ಬೆರಳಿಟ್ಟು ತೋರಿಸಿದ. ನಾನು ನನ್ನ ಟಿಪ್ಪಣಿ ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟು ಎರಡು ಸಲ ಓದಿದೆ. ನನ್ನದರಲ್ಲಿ ‘೧೧:೧೦’ ಎಂದಿತ್ತು. ಅವರದರಲ್ಲಿ, ಬೆಳಗ್ಗೆ ಹತ್ತೂ ಐವತ್ತಕ್ಕೆ ಬಂದ್, ಹನ್ನೊಂದೂ ನಲವತ್ತಕ್ಕೆ ಚಾಲೂ.